ಸೀಸನ್ನಿಗೆ ಕಾದ ತಿಮ್ಮಕ್ಕ

ತೆಂಗಿನಗುಂಡಿಯ ತಿಮ್ಮಕ್ಕ ತನ್ನ ಐವತ್ತೇಳು ವರ್ಷದ ಆಯುಷ್ಯದಲ್ಲಿ ಯಾವ ವಸ್ತುವಿಗೂ ಹೇಳಿದ ರೇಟು ಕೊಟ್ಟವಳಲ್ಲ. ಅವಳು ರಸ್ತೆ ದಾಟುವುದು ಕಂಡರೆ ಸಾಕು, ಭಟ್ಕಳ ಪೇಟೆಯ ಬಟ್ಟೆ ಅಂಗಡಿಯವರು ಸೀರೆಗೆ ಇನ್ನೂರು ಏರಿಸಿಕೊಂಡು ಕೂತಿರುತ್ತಿದ್ದರು. ಅವಳು ಮುನ್ನೂರು ಇಳಿಸಿಕೊಂಡೇ ಏಳುತ್ತಿದ್ದಳು. ದೇವಸ್ಥಾನದ ಭಟ್ಟರ ಹತ್ತಿರ ಹನ್ನೊಂದು ಕಾಯಿಯ ಪೂಜೆಯನ್ನು ಐದು ಕಾಯಿಗೆ ಇಳಿಸಿದ್ದಳು, ದೇವರು ತಕರಾರು ಮಾಡಿರಲಿಲ್ಲ. ಬಚ್ಚಲಲ್ಲಿ ಜಾರಿ ಮುಂದಿನ ಎರಡು ಹಲ್ಲು ಹೋದಾಗ ಹೊನ್ನಾವರದ ಹಲ್ಲಿನ ಡಾಕ್ಟರು ಮೂವತ್ತೈದು ಸಾವಿರ ಹೇಳಿದರು. "ಎರಡೇ ಹಲ್ಲಿಗಾ? ನಾ ಇಡೀ ಬಾಯಿಗೆ ಅಂದ್ಕಂಡೆ" ಎಂದು ಶುರು ಮಾಡಿದವಳು, ನಾಲ್ಕು ಸಲ ಕುರ್ಚಿಯಿಂದೆದ್ದು ಬಾಗಿಲ ತನಕ ಹೋಗಿ, ನಾಲ್ಕು ಸಲವೂ ಡಾಕ್ಟರು ಕರೆದ ಮೇಲೆ ತಿರುಗಿ ಬಂದು, ಇಪ್ಪತ್ತೆಂಟಕ್ಕೆ ಮಾತು ಮುಗಿಸಿದಳು. ಚೀಟಿ ಎತ್ತಿ ಆ ಇಪ್ಪತ್ತೆಂಟು ಸಾವಿರವನ್ನು ಕಪಾಟಿನಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟಿದ್ದಳು. ಹುಟ್ಟಲಿರುವ ಮೊಮ್ಮಗುವಿನ ತೊಟ್ಟಿಲ ಫೋಟೋದಲ್ಲಿ ಬಾಯಿ ಬಿಟ್ಟು ನಗಬೇಕೆಂಬುದು ಅವಳ ಲೆಕ್ಕಾಚಾರ.

ಕೊಳ್ಳುವಾಗ ಹೀಗಿದ್ದವಳು ಮಾರಲು ಕೂತರೆ ಬೇರೆಯೇ ಹೆಂಗಸು. ಮೀನುಪೇಟೆಯಲ್ಲಿ ಬಾಗಿಲಿನಿಂದ ಎರಡನೇ ಜಾಗ ಅವಳದು. ಮೊದಲನೆಯದು ಅವಳ ಗೆಳತಿಯೂ ಗಿರಾಕಿ ಬಂದಾಗ ವೈರಿಯೂ ಆಗಿದ್ದ ಕಮಲಿಯದು. ತಿಮ್ಮಕ್ಕನ ಬುಟ್ಟಿಯ ಮೀನಿಗೆ ಇಂತಿಷ್ಟೇ ಎಂಬ ರೇಟು ಇರಲಿಲ್ಲ. ಎದುರು ನಿಂತ ಗಿರಾಕಿಗೆ ಇತ್ತು. ಒಮ್ಮೆ ಮುಟ್ಟಳ್ಳಿಯ ರಮಾನಂದ ಎಂಬ ನಿವೃತ್ತ ಬ್ಯಾಂಕ್ ಗುಮಾಸ್ತರು ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು ಓಡಿ ಬಂದರು. ತಿಮ್ಮಕ್ಕ ಮುಖ ನೋಡಿದಳು, ಗುಂಡಿ ನೋಡಿದಳು.

"ಮನೆಗೆ ಅಳಿಯ ಬಂದ್ರಾ ಒಡೆಯಾ?"

"ಹೌದು ಮಾರಾಯ್ತಿ, ಹೇಳದೆ ಕೇಳದೆ ಬಂದ್ಬಿಟ್ಟ. ನಿಂಗೆ ಹೆಂಗೆ ಗೊತ್ತಾತು?"

ಎಂಟುನೂರರ ಇಸ್ವಾಣ ಮೀನು ಆ ಕ್ಷಣಕ್ಕೆ ಸಾವಿರದ ಐನೂರಕ್ಕೆ ಏರಿತು. ಚೌಕಾಶಿಗೆ ಪುರುಸೊತ್ತಿಲ್ಲದ ರಮಾನಂದರು ಅಷ್ಟೂ ಕೊಟ್ಟರು. ತಿಮ್ಮಕ್ಕ ಮೇಲಿಂದ ಎರಡು ಬಂಗಡೆಯನ್ನು ಕೊಸರು ಎಂದು ಚೀಲಕ್ಕೆ ಹಾಕಿದಳು. ವ್ಯಾಪಾರ ಮುಗಿದ ಮೇಲೆ ಪುಕ್ಕಟೆಯಾಗಿ ಸಿಗುವ ಆ ಕೊಸರಿನಿಂದಲೇ ರಮಾನಂದರು ಕರಗಿ, ನಿನ್ನಂಥವಳು ಪೇಟೆಯಲ್ಲಿಲ್ಲ ಎಂದು ಹರಸಿ ಹೋದರು. "ಪಾಪ ಅಲ್ದನೇ?" ಎಂದಳು ಕಮಲಿ. "ಪಾಪ ಎಂತದು? ಅಳಿಯನ ಎದುರು ಮರ್ಯಾದೆ ಉಳೀತು. ಅದಕ್ಕೂ ರೇಟ್ ಉಂಟು" ಎಂದಳು ತಿಮ್ಮಕ್ಕ.

ಇಂಥ ತಿಮ್ಮಕ್ಕನಿಗೆ ಇದ್ದವಳು ಒಬ್ಬಳೇ ಮಗಳು, ಸುಷ್ಮಾ. ಅಳಿಯ ನರೇಶ ಮುರ್ಡೇಶ್ವರದವನು. ಪ್ರವಾಸಿಗರನ್ನು ನೇತ್ರಾಣಿ ನಡುಗಡ್ಡೆಯ ಹತ್ತಿರ ದೋಣಿಯಲ್ಲಿ ಕರೆದೊಯ್ದು, ಬೆನ್ನಿಗೆ ಸಿಲಿಂಡರ್ ಕಟ್ಟಿ, ಸಮುದ್ರದೊಳಗೆ ಮುಳುಗಿಸಿ ಮೀನು ತೋರಿಸಿ ಮೇಲೆತ್ತುವುದು ಅವನ ಉದ್ಯೋಗ. ಒಬ್ಬೊಬ್ಬರು ಅದಕ್ಕೆ ಐದು ಸಾವಿರ ಕೊಡುತ್ತಾರೆಂದು ಕೇಳಿದ ದಿನ ತಿಮ್ಮಕ್ಕ ಅರ್ಧ ಗಂಟೆ ನಕ್ಕಿದ್ದಳು. "ತಿನ್ನುಕಿಲ್ಲ, ಮುಟ್ಟುಕಿಲ್ಲ, ನೋಡುಕೆ ಐದು ಸಾವ್ರವಾ? ಪೇಟೆಗೆ ಬರ್ಲಿ, ನಾ ಪುಕ್ಕಟೆ ತೋರಿಸ್ತೆ" ಎಂದಿದ್ದಳು. ಆದರೆ ಹುಡುಗ ಕಸುಬುದಾರ. ಅಂಡಮಾನಿನ ಒಂದು ರೆಸಾರ್ಟಿನವರು ಅವನನ್ನು ಹೆಚ್ಚಿನ ಸಂಬಳಕ್ಕೆ ಕರೆಸಿಕೊಂಡರು, ಸುಷ್ಮಾ ಜೊತೆಗೆ ಹೋದಳು, ಹೋಗಿ ಎಂಟು ತಿಂಗಳಿಗೆ ಬಸುರಿಯಾದಳು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ತಿಮ್ಮಕ್ಕ ಒಳಕೋಣೆಗೆ ಸುಣ್ಣ ಬಳಿಸಿ, ಎಣ್ಣೆ ಕಾಯಿಸಿ, ಬಾಣಂತಿ ಮದ್ದಿಗೆ ಸಾಮಾನು ಕೂಡಿಟ್ಟು ಕಾಯುತ್ತಿದ್ದಳು. ಸೆಪ್ಟೆಂಬರಿನಲ್ಲಿ ನರೇಶನ ಫೋನು ಬಂತು. ಸುಷ್ಮಾಳ ರಕ್ತದೊತ್ತಡ ಏರಿದೆ, ವಿಮಾನ ಹತ್ತಬಾರದೆಂದು ಅಲ್ಲಿನ ಡಾಕ್ಟರು ಹೇಳಿದ್ದಾರೆ, ಡಿಸೆಂಬರ್ ಕೊನೆಗೆ ದಿನ ಕೊಟ್ಟಿದ್ದಾರೆ, ನೀವಿಬ್ಬರೇ ಇಲ್ಲಿಗೆ ಬರಬೇಕು ಎಂದ.

"ಅತ್ತೆ, ಬೆಂಗಳೂರಿಂದ ಪೋರ್ಟ್ ಬ್ಲೇರಿಗೆ ಒಬ್ಬರಿಗೆ ಈಗ ಒಂಬತ್ತು ಸಾವಿರ ಉಂಟು. ಡಿಸೆಂಬರ್ ಅಂದ್ರೆ ಇಲ್ಲಿ ಸೀಸನ್. ಭಾಸ್ಕರಣ್ಣನ ಹತ್ರ ಈಗಲೇ ಟಿಕೆಟ್ ಮಾಡ್ಸಿ."

"ಆತು" ಎಂದಳು ತಿಮ್ಮಕ್ಕ.

ಈ ಕಥೆಯ ಎಲ್ಲ ರಗಳೆ ಈ ಎರಡು ಮಾತಿನಲ್ಲಿದೆ. ನಮ್ಮ ಕಡೆ ಆತು ಎಂದರೆ ಸರಿ ಎಂದೂ ಆಗುತ್ತದೆ, ಮುಗಿಯಿತು ಎಂದೂ ಆಗುತ್ತದೆ. ಮುಂದಿನ ವಾರ ನರೇಶ "ಟಿಕೆಟ್ ಆತಾ?" ಎಂದು ಕೇಳಿದಾಗ ಅವಳು ಬುಟ್ಟಿಯ ಗಡಿಬಿಡಿಯಲ್ಲಿ "ಆತು, ಆತು" ಎಂದಳು. ಅವನು ಮುಗಿಯಿತೆಂದು ತಿಳಿದು ನೀರಿಗೆ ಧುಮುಕಿದ. ಮತ್ತೆ ಕೇಳಲಿಲ್ಲ.

ಇನ್ನೊಂದು ಮಾತು ಸೀಸನ್. ನಲವತ್ತು ವರ್ಷ ಮೀನು ಮಾರಿದ ಹೆಂಗಸಿಗೆ ಸೀಸನ್ ಎಂದರೆ ಏನೆಂದು ಅಳಿಯ ಕಲಿಸಬೇಕೆ? ಬಂಗಡೆಯ ಸೀಸನ್ ಬಂತೆಂದರೆ ನೂರು ರೂಪಾಯಿಗೆ ಐದು ಮೀನು ಇದ್ದದ್ದು ಇಪ್ಪತ್ತೈದು ಸಿಗುತ್ತದೆ. ತಾರ್ಲೆ ಮೀನಿನ ಸೀಸನ್ನಿನಲ್ಲಂತೂ ಕೊಳ್ಳುವವರಿಲ್ಲದೆ ತೆಂಗಿನ ಬುಡಕ್ಕೆ ಹಾಕುವುದೂ ಉಂಟು. ಸೀಸನ್ ಎಂದರೆ ಅಗ್ಗ.

"ಅಂವ ಇನ್ನೂ ಸಣ್ಣವ" ಎಂದಳು ಗಂಡ ದಾಸನಿಗೆ. "ಡಿಸೆಂಬರಲ್ಲಿ ಸೀಸನ್ ಅಂತ ಅವನೇ ಹೇಳ್ತಾನೆ, ಈಗಲೇ ತಕಣಿ ಅಂತಲೂ ಅವನೇ ಹೇಳ್ತಾನೆ. ಸೀಸನ್ ಎದುರಿಗೆ ಇಟ್ಕಂಡು ಯಾರಾದ್ರೂ ಮುಂಚೆ ತಕಂತ್ರಾ?"

ದಾಸ ಮೂವತ್ತೈದು ವರ್ಷ ಬೋಟಿನಲ್ಲಿ ದುಡಿದು, ಈಗ ಜಗಲಿಯಲ್ಲಿ ಬಲೆ ಹೆಣೆಯುತ್ತ ಕೂರುವ ಮನುಷ್ಯ. ಹೆಂಡತಿಯ ವ್ಯಾಪಾರದಲ್ಲಿ ಬಾಯಿ ಹಾಕುವವನಲ್ಲ. ಅವನ ತಲೆಯಲ್ಲಿದ್ದದ್ದು ಒಂದೇ ವಿಚಾರ, ವಿಮಾನಕ್ಕೆ ಪಂಚೆ ನಡೆಯುತ್ತದೋ ಇಲ್ಲವೋ. ಯಾರನ್ನೂ ಕೇಳದೆ ಪೇಟೆಗೆ ಹೋಗಿ, ಜೀವಮಾನದಲ್ಲಿ ಮೊದಲ ಸಲ ಒಂದು ಪ್ಯಾಂಟು ಹೊಲಿಸಿಕೊಂಡು ಬಂದ.

ಮೀನುಪೇಟೆ ಇಡೀ ತಿಮ್ಮಕ್ಕನ ಪಕ್ಷಕ್ಕಿತ್ತು. ಒಂಬತ್ತು ಸಾವಿರದ್ದು ಸೀಸನ್ನಿಗೆ ನಾಲ್ಕಕ್ಕಾದರೂ ಇಳಿಯುತ್ತದೆ ಎಂದು ಕಮಲಿ ಅಂದಾಜು ಕೊಟ್ಟಳು. "ಹಾರೂ ಹೊತ್ತಿಗೆ ಸೀಟ್ ಉಳಿದ್ರೆ ಎಂತ ಮಾಡ್ತ್ರು ಅವ್ರು? ಮನೆಗೆ ಕೊಂಡೋಗಿ ಸಾರು ಮಾಡ್ತ್ರಾ? ಸಿಕ್ಕಿದ್ದಕ್ಕೆ ಕೊಟ್ಟು ಕೈ ತೊಳ್ಕಂತ್ರು" ಎಂದಳು. ಮಧ್ಯಾಹ್ನದ ಮೇಲೆ ಬುಟ್ಟಿಯಲ್ಲಿ ಮೀನು ಉಳಿದಾಗ ಅವರೆಲ್ಲರೂ ಮಾಡುತ್ತಿದ್ದದ್ದು ಅದನ್ನೇ.

ಅಕ್ಟೋಬರಿನಲ್ಲಿ ತಿಮ್ಮಕ್ಕ ಸುಮ್ಮನೆ ರೇಟು ಕೇಳಲು ಭಾಸ್ಕರನ ಬುಕಿಂಗ್ ಅಂಗಡಿಗೆ ಹೋದಳು. ಅರ್ಧ ಭಟ್ಕಳವನ್ನು ದುಬೈಗೆ ಕಳಿಸಿ ಕರೆಸಿದವನು ಭಾಸ್ಕರ. ಹನ್ನೆರಡು ಸಾವಿರ ಎಂದ. ತಿಮ್ಮಕ್ಕನಿಗೆ ಸಮಾಧಾನವಾಯಿತು. ಸೀಸನ್ನಿಗೆ ಮುಂಚೆ ಏರುವುದು ಕ್ರಮವೇ, ಆಷಾಢದಲ್ಲಿ ಬೋಟು ಬಂದ್ ಆದಾಗ ಮೀನು ಏರುವುದಿಲ್ಲವೇ? ನವೆಂಬರಿನಲ್ಲಿ ಹದಿನಾರು ಎಂದ. ಅವಳು ಇನ್ನೂ ಖುಷಿಯಾದಳು. "ಏರ್ಲಿ, ಏರ್ಲಿ. ಎಷ್ಟು ಏರ್ತದೋ ಅಷ್ಟೇ ಬೀಳ್ತದೆ" ಎಂದು ನಕ್ಕು, ಎಲೆಯಡಿಕೆ ಹಾಕಿಕೊಂಡು ಹೊರಟಳು. ಯಾವಾಗ ಮಾಡುವುದು ಎಂದು ಭಾಸ್ಕರ ಕೇಳಿದ್ದಕ್ಕೆ "ಸೀಸನ್ ಬರ್ಲಿ ತಡಿ" ಎಂದಳು. ಮಗಳ ಬಳಿ ಹೋಗುವ ತಾಯಿಗೆ ಹಣದ ತೊಂದರೆಯೇನೋ, ಕೆದಕುವುದು ಬೇಡ ಎಂದುಕೊಂಡು ಭಾಸ್ಕರ ಸುಮ್ಮನಾದ. ಅವನ ಸಜ್ಜನಿಕೆಯೇ ಮುಳುವಾಯಿತು.

ಡಿಸೆಂಬರ್ ಹನ್ನೆರಡಕ್ಕೆ ತಿಮ್ಮಕ್ಕ ಒಳ್ಳೆಯ ಸೀರೆ ಉಟ್ಟು, ಯುದ್ಧಕ್ಕೆ ಹೊರಟವಳ ಮುಖ ಮಾಡಿಕೊಂಡು ಅಂಗಡಿಗೆ ಬಂದಳು.

"ಇಪ್ಪತ್ತನೇ ತಾರೀಕಿಗೆ ಎರಡು ಸೀಟು. ಈಗ ಹೇಳು."

"ಒಬ್ಬರಿಗೆ ಇಪ್ಪತ್ತಮೂರು ಸಾವಿರದ ಎಂಟುನೂರು."

"ಎಂತ?"

"ಸೀಸನ್ ಅಲ್ದಾ ತಿಮ್ಮಕ್ಕ?"

"ಸೀಸನ್ ಅಂತ್ಲೇ ಬಂದದ್ದಲ್ದಾ ನಾನು!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಹೊಸದಾಗಿ ಮದುವೆಯಾದವರು, ಕ್ರಿಸ್‌ಮಸ್ ರಜೆಯವರು, ಹೊಸ ವರ್ಷದ ಮೋಜಿನವರು ಎಲ್ಲರೂ ಒಟ್ಟಿಗೇ ಆ ದ್ವೀಪಕ್ಕೆ ನುಗ್ಗುತ್ತಾರೆ, ವಿಮಾನ ಇರುವುದು ಅಷ್ಟೇ, ರಸ್ತೆ ಇಲ್ಲ ರೈಲಿಲ್ಲ, ಅದಕ್ಕೇ ರೇಟು ಏರುತ್ತದೆ ಎಂದು ಭಾಸ್ಕರ ತಾಳ್ಮೆಯಿಂದ ತಿಳಿಹೇಳಿದ. ತಿಮ್ಮಕ್ಕನಿಗೆ ತಲೆಯ ಮೇಲೆ ಐಸ್ ನೀರು ಸುರಿದಂತಾಯಿತು. ಅವಳ ಸೀಸನ್ನಿನಲ್ಲಿ ಹೆಚ್ಚಾಗುವುದು ಮೀನು. ಇವರ ಸೀಸನ್ನಿನಲ್ಲಿ ಹೆಚ್ಚಾಗುವುದು ಗಿರಾಕಿ!

ಆದರೂ ಅಭ್ಯಾಸ ಬಿಡುತ್ತದೆಯೇ. "ಹತ್ತು ಕೊಡ್ತೆ" ಎಂದಳು. "ನನ್ನ ಕೈಲಿಲ್ಲ ತಿಮ್ಮಕ್ಕ, ಕಂಪ್ಯೂಟರ್ ಹೇಳೂದು" ಎಂದು ಭಾಸ್ಕರ ಅದರ ಮುಖವನ್ನು ಅವಳ ಕಡೆ ತಿರುಗಿಸಿದ. "ಹಂಗಾರೆ ನಂಗೆ ಬೇಡ" ಎಂದು ಅವಳು ಎದ್ದು ಬಾಗಿಲ ತನಕ ನಡೆದಳು. ನಿಂತಳು. ಕಂಪ್ಯೂಟರ್ ಕರೆಯಲಿಲ್ಲ. ಚಪ್ಪಲಿ ಮೆಟ್ಟಿ ಮೆಟ್ಟಿಲು ಇಳಿದಳು, ಆಗಲೂ ಕರೆಯಲಿಲ್ಲ. ಏನೋ ಮರೆತವಳಂತೆ ತಿರುಗಿ ಬಂದು ನೋಡುವಷ್ಟರಲ್ಲಿ ಅದು ಇಪ್ಪತ್ತನಾಲ್ಕು ಸಾವಿರದ ಐನೂರಾಗಿತ್ತು. ಹಲ್ಲಿನ ಡಾಕ್ಟರನ್ನು ಮಣಿಸಿದ ನಡಿಗೆಗೆ ಇಲ್ಲಿ ಏಳುನೂರು ರೂಪಾಯಿ ದಂಡ ಬಿತ್ತು.

ಮನೆಗೆ ಬಂದು ಜಗಲಿಯಲ್ಲಿ ಕುಸಿದು, ಟಿಕೆಟ್ಟಿನವರ ಏಳು ತಲೆಮಾರಿಗೆ ಆಗುವಷ್ಟು ಬೈದಳು. ದಾಸ ಹಡಗಿನ ಸಲಹೆ ಕೊಟ್ಟ. "ಮದ್ರಾಸಿಂದ ಹಡಗು ಉಂಟಂತೆ. ಮೂರು ನಾಲ್ಕು ದಿನ ಅಷ್ಟೇ. ಗಾಳಿ ಸಮ ಇದ್ರೆ ನಮ್ಮ ಬೋಟಲ್ಲೇ ಹೋಗ್ಲಕ್ಕಿತ್ತು, ಆದ್ರೆ ಅದು ಆಚೆ ಸಮುದ್ರ." ತಿಮ್ಮಕ್ಕ ಉತ್ತರ ಕೊಡುವ ಮೊದಲೇ ಫೋನು ಹೊಡೆದುಕೊಂಡಿತು.

ಸುಷ್ಮಾ. ಪೋರ್ಟ್ ಬ್ಲೇರಿನ ಆಸ್ಪತ್ರೆಗೆ ಸೇರಿಸಿಕೊಂಡಿದ್ದಾರೆ. ಒತ್ತಡ ಇಳಿಯುತ್ತಿಲ್ಲ. ಹದಿನಾರಕ್ಕೆ ಆಪರೇಷನ್ ಮಾಡಿ ಮಗು ತೆಗೆಯುತ್ತಾರಂತೆ.

"ಅಮ್ಮ, ನಿಮ್ಮ ಟಿಕೆಟ್ ಯಾವತ್ತಿಗೆ? ಸ್ವಲ್ಪ ಮುಂಚಿನ ತಾರೀಕಿಗೆ ಮಾಡ್ಸುಕೆ ಆಗ್ತದಾ?" ದನಿ ಗಟ್ಟಿಯಾಗಿಯೇ ಇತ್ತು. ಕೊನೆಗೆ ಒಡೆಯಿತು. "ನಂಗೆ ಹೆದ್ರಿಕೆ ಆಗ್ತದೆ ಅಮ್ಮ. ನೀ ಬರದೆ ನಾ ಒಳಗೆ ಹೋಗೂದಿಲ್ಲ ಅಂದ್ರೆ ಡಾಕ್ಟರು ನಗಾಡ್ತ್ರು."

"ಆತು" ಎಂದಳು ತಿಮ್ಮಕ್ಕ. ಈ ಸಲ ಅದಕ್ಕೆ ಎರಡು ಅರ್ಥ ಇರಲಿಲ್ಲ.

ಇಪ್ಪತ್ತೊಂಬತ್ತು ವರ್ಷ ಹಿಂದೆ ಸುಷ್ಮಾ ಹುಟ್ಟುವಾಗ ತಿಮ್ಮಕ್ಕ ಇದೇ ಮನೆಯಲ್ಲಿ ಒಬ್ಬಳೇ ಒದ್ದಾಡಿದ್ದಳು. ಅವಳ ತಾಯಿ ದುರ್ಗಿ ಕುಮಟೆ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಬೆಳಿಗ್ಗೆಯೇ ಸುದ್ದಿ ಮುಟ್ಟಿತ್ತು. ಆದರೆ ದುರ್ಗಿ ಬಂದದ್ದು ಮರುದಿನ ಮಧ್ಯಾಹ್ನ, ಕೂಸು ಹುಟ್ಟಿ, ಅತ್ತು, ಮಲಗಿ ಆದ ಮೇಲೆ. "ಬುಟ್ಟಿ ತುಂಬ ಮೀನಿತ್ತು ಮಗಾ, ಸಂಜೆಗೆ ರೇಟ್ ಬರಬೋದು ಅಂತ ಕೂತೆ" ಎಂದಿದ್ದಳು. ಆ ಮುದುಕಿ ಸತ್ತು ಹತ್ತು ವರ್ಷವಾದರೂ ತಿಮ್ಮಕ್ಕ ಆ ಬುಟ್ಟಿಯನ್ನು ಕ್ಷಮಿಸಿರಲಿಲ್ಲ. ಈಗ ತಾನೂ ರೇಟಿಗೆ ಕಾದು ಕೂತವಳೇ ಎಂದು ಹೊಳೆದಾಗ ಅವಳಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು. ಕಪಾಟು ತೆರೆದು ಸೀರೆಯ ಮಡಿಕೆಯಿಂದ ಹಲ್ಲಿನ ಹಣ ತೆಗೆದಳು.

ಭಾಸ್ಕರನಿಗೆ ಫೋನು ಮಾಡಿ ಕೇಳಿದರೆ ಹದಿನಾಲ್ಕನೇ ತಾರೀಕಿನ ಬೆಳಗಿನ ವಿಮಾನಕ್ಕೆ ಇಪ್ಪತ್ತೇಳು ಸಾವಿರದ ನಾಲ್ಕುನೂರು. ಇಬ್ಬರಿಗೆ ಸಾಲುವ ಮಾತೇ ಇರಲಿಲ್ಲ. "ನಾ ದ್ವೀಪ ಎಂತ ನೋಡೂದು? ಇಲ್ಲೇ ನೇತ್ರಾಣಿ ಕಾಣ್ತದಲ್ಲ" ಎಂದು ದಾಸ ತಾನಾಗಿಯೇ ಹೇಳಿ, ಬಲೆಯ ಕಡೆ ತಿರುಗಿದ. ಒಳಗೆ ಹಗ್ಗದ ಮೇಲೆ ಇಸ್ತ್ರಿ ಹಾಕಿದ ಪ್ಯಾಂಟು ನೇತಾಡುತ್ತಿತ್ತು. ತಿಮ್ಮಕ್ಕನಿಗೆ ಅದನ್ನು ನೋಡಲಾಗಲಿಲ್ಲ.

ಭಾಸ್ಕರ ಕಂಪ್ಯೂಟರಿನಲ್ಲಿ ರೇಟು ಓದಿ ಹೇಳಿ, ಬೈಗುಳಕ್ಕೆ ತಯಾರಾಗಿ ಕೂತ. ತಿಮ್ಮಕ್ಕ ಕಟ್ಟು ಬಿಚ್ಚಿ ನೋಟು ಎಣಿಸಿ ಮೇಜಿನ ಮೇಲಿಟ್ಟಳು. ಒಂದು ಮಾತಿಲ್ಲ. ಭಾಸ್ಕರನಿಗೆ ಭಯವಾಯಿತು.

"ತಿಮ್ಮಕ್ಕ, ಆರಾಮ ಇದ್ದೀಯಲ್ಲ? ನೀರು ಬೇಕಾ?"

"ಟಿಕೆಟ್ ಕೊಡು ಮಾರಾಯಾ, ಅದು ಮತ್ತೆ ಏರ್ತದೆ."

ತಿಮ್ಮಕ್ಕ ಚೌಕಾಶಿ ಮಾಡದೆ ಹಣ ಕೊಟ್ಟ ಸುದ್ದಿ ಸಂಜೆಯೊಳಗೆ ಮೀನುಪೇಟೆಗೆ ತಲುಪಿತು. ಕಮಲಿ ಮೊದಲು ನಂಬಲಿಲ್ಲ. ನಂಬಿದ ಮೇಲೆ ಕಣ್ಣೊರೆಸಿಕೊಂಡು, ದೊಡ್ಡ ಸಿಗಡಿ ಒಣಗಿಸಿದ್ದು ಒಂದು ಕಟ್ಟು ಬಾಣಂತಿಗೆಂದು ತಂದುಕೊಟ್ಟಳು. ಸಮುದ್ರದ ನಡುವಿನ ಊರಿಗೆ ಒಣಮೀನು ಒಯ್ಯುವುದು ಹುಚ್ಚಲ್ಲವೇ ಎಂದು ಯಾರಿಗೂ ಅನಿಸಲಿಲ್ಲ. ಅಲ್ಲಿಯ ಮೀನಿಗೆ ಭಟ್ಕಳದ ರುಚಿ ಎಲ್ಲಿಂದ ಬರಬೇಕು?

ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ವಿಮಾನ ನಿಲ್ದಾಣ ಮುಟ್ಟಿದ ತಿಮ್ಮಕ್ಕನನ್ನು ಮೊದಲು ತಡೆದದ್ದು ತಕ್ಕಡಿ. ಹದಿನೈದು ಕಿಲೋಗೆ ಮಾತ್ರ ಅವಕಾಶ, ಅವಳ ಚೀಲ ಹದಿನೇಳು ತೋರಿಸಿತು. ಮೇಲಿನ ಎರಡು ಕಿಲೋಗೆ ಹಣ ಕಟ್ಟಬೇಕೆಂದಳು ಕೌಂಟರಿನ ಹುಡುಗಿ. ತಿಮ್ಮಕ್ಕ ತಕ್ಕಡಿಯ ಸುತ್ತ ಬಗ್ಗಿ ನೋಡಿದಳು. ಯಾರಾದರೂ ಬೆರಳಲ್ಲಿ ಒತ್ತಿ ಹಿಡಿದಿದ್ದಾರೋ ಎಂಬುದು ಅವಳ ಅನುಮಾನ. ಆ ವಿದ್ಯೆ ಅವಳಿಗೆ ಹೊಸದಲ್ಲ. ಯಾರೂ ಒತ್ತಿರಲಿಲ್ಲ.

"ಅಲ್ಲ ತಂಗೀ, ಒಂದು ಸೀಟಿಗೆ ಇಪ್ಪತ್ತೇಳು ಸಾವ್ರದ ನಾಲ್ಕುನೂರು ಕೊಟ್ಟಿದ್ದೆ. ಕೊಸರು ಇಲ್ವಾ?"

ಹುಡುಗಿಗೆ ಅರ್ಥವಾಗಲಿಲ್ಲ. ತಿಮ್ಮಕ್ಕ ಚೀಲ ಬಿಚ್ಚಿ ತೋರಿಸಿದಳು. ಕುಮಟೆ ಸಂತೆಗುಳಿಯಿಂದ ತರಿಸಿದ ಬೆಲ್ಲ, ಓಮದ ಪುಡಿ, ಕಾಳುಮೆಣಸು, ಹಳೆಯ ಹತ್ತಿ ಸೀರೆ ಹರಿದು ಮಾಡಿದ ಕೂಸಿನ ಬಟ್ಟೆ, ಐದು ಪದರ ಪ್ಲಾಸ್ಟಿಕ್ಕಿನೊಳಗಿಂದಲೂ ತನ್ನ ಇರವು ಸಾರುತ್ತಿದ್ದ ಸಿಗಡಿ. "ಮಗಳಿಗೆ ನಾಡಿದ್ದು ಆಪರೇಷನ್" ಎಂದಳು. ಹುಡುಗಿ ಮೂಗು ಮುಚ್ಚಿಕೊಂಡು, ಒಮ್ಮೆ ಆಚೀಚೆ ನೋಡಿ, ಚೀಟಿ ಅಂಟಿಸಿ ಚೀಲವನ್ನು ಒಳಗೆ ತಳ್ಳಿದಳು. ತಿಮ್ಮಕ್ಕನ ಎದೆ ಎರಡು ದಿನದಲ್ಲಿ ಮೊದಲ ಸಲ ಸ್ವಲ್ಪ ಹಗುರಾಯಿತು.

ವಿಮಾನದಲ್ಲಿ ಪಕ್ಕದಲ್ಲಿ ಕೂತದ್ದು ಕೈತುಂಬ ಮದರಂಗಿಯ ಹುಡುಗಿ, ಅವಳನ್ನು ಒಂದು ಕ್ಷಣ ಬಿಡದ ಗಂಡ. ತಿಮ್ಮಕ್ಕ ಮುಚ್ಚುಮರೆಯಿಲ್ಲದೆ ಕೇಳಿದಳು, ಎಷ್ಟು ಕೊಟ್ರಿ? ಆಗಸ್ಟಿನಲ್ಲೇ ಮಾಡಿಸಿದ್ದು, ಎಂಟೂವರೆ ಸಾವಿರ ಎಂದ ಹುಡುಗ. ಹಿಂದಿನ ಸೀಟಿನವರು ಹದಿನೈದು ಕೊಟ್ಟಿದ್ದರು. ಒಂದೇ ವಿಮಾನ, ಒಂದೇ ಅಳತೆಯ ಸೀಟು, ಒಬ್ಬೊಬ್ಬರಿಗೆ ಒಂದೊಂದು ರೇಟು.

ತಿಮ್ಮಕ್ಕ ಆ ಮೂರು ರೇಟುಗಳನ್ನು ಬೆರಳಲ್ಲಿ ಎಣಿಸಿದಳು. ಕೋಪ ಬರಬೇಕಿತ್ತು, ಬಂದದ್ದು ನಗು. ಇವರು ಸೀಟು ಮಾರುವವರಲ್ಲ, ಗಿರಾಕಿಯ ಮುಖ ನೋಡಿ ಮಾರುವವರು. ಮೋಜಿಗೆ ಹೊರಟವನಿಗೆ ಒಂದು ರೇಟು, ಹೋಗಲೇಬೇಕಾದ ತಾಯಿಗೆ ಇನ್ನೊಂದು. ಬುಟ್ಟಿಯ ಬದಲು ಕಂಪ್ಯೂಟರ್ ಇಟ್ಟುಕೊಂಡ ಕಮಲಿಯರು, ತಿಮ್ಮಕ್ಕಂದಿರು. ಅಂಗಿಯ ಗುಂಡಿ ತಪ್ಪಿದ ರಮಾನಂದರ ಮುಖ ನೆನಪಾಯಿತು. ಈ ಸಲ ಅವಳಿಗೆ ನಿಜವಾಗಿ ನಾಚಿಕೆಯಾಯಿತು. ಊರಿಗೆ ಹೋದ ಮೇಲೆ ಆ ಒಡೆಯರಿಗೆ ಒಂದು ಇಸ್ವಾಣ ಅಸಲು ರೇಟಿಗೆ ಕೊಡಬೇಕೆಂದುಕೊಂಡಳು. ಪುಕ್ಕಟೆ ಕೊಡುವಷ್ಟು ನಾಚಿಕೆ ಆಗಿರಲಿಲ್ಲ.

ಕೆಳಗೆ ಹಸಿರು ನೀರಿನಲ್ಲಿ ದ್ವೀಪಗಳು ಕಂಡಾಗ ಮದರಂಗಿಯ ಹುಡುಗಿ ಸಂತೋಷದಿಂದ ಚೀರಿದಳು. ತಿಮ್ಮಕ್ಕ ಇಣುಕಿ ನೋಡಿದಳು. ನೇತ್ರಾಣಿಯ ಹಾಗೆಯೇ ಇವೆ, ಸ್ವಲ್ಪ ಜಾಸ್ತಿ ಇವೆ ಅಷ್ಟೇ ಎನಿಸಿತು. ದಾಸ ಪಕ್ಕದಲ್ಲಿದ್ದರೆ ಇದನ್ನು ಅವನೇ ಹೇಳುತ್ತಿದ್ದ.

ಆಸ್ಪತ್ರೆಯ ಬಾಗಿಲಲ್ಲಿ ನರೇಶ ನಿಂತಿದ್ದ. ಆ ದಿನಗಳ ರೇಟು ಅವನಿಗೆ ಗೊತ್ತಿತ್ತು, ಇದ್ದ ಟಿಕೆಟ್ಟಿನ ತಾರೀಕು ಬದಲಿಸಿದ್ದಲ್ಲ, ಹೊಸದಾಗಿ ಕೊಂಡದ್ದೆಂದು ಭಾಸ್ಕರ ಫೋನಿನಲ್ಲಿ ತಿಳಿಸಿದ್ದ. "ಅತ್ತೆ…" ಎಂದು ಶುರುಮಾಡಿದವನನ್ನು ತಿಮ್ಮಕ್ಕ ಕಣ್ಣಿನಲ್ಲೇ ತಡೆದಳು.

ಸುಷ್ಮಾ ಮಂಚದ ಮೇಲೆ ಎಡಕ್ಕೆ ತಿರುಗಿ ಮಲಗಿದ್ದಳು. ಮುಖ ಊದಿತ್ತು, ಕಾಲು ಊದಿತ್ತು. ತಾಯಿಯನ್ನು ಕಂಡದ್ದೇ ಅತ್ತಳು, ಅಳುತ್ತಲೇ ನಕ್ಕಳು. ತಿಮ್ಮಕ್ಕ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಆಪರೇಷನ್ನಿಗೆ ಇನ್ನೂ ಎರಡು ದಿನವಿತ್ತು. ತಾನು ಬುಟ್ಟಿ ಖಾಲಿಯಾಗಲಿ ಎಂದು ಕೂರಲಿಲ್ಲ ಎಂಬ ಒಂದೇ ಮಾತು ಅವಳ ಮನಸ್ಸಿನಲ್ಲಿ ಸುತ್ತುತ್ತಿತ್ತು, ಅದರ ಸುಖಕ್ಕೆ ಅವಳೂ ಅತ್ತಳು.

"ಅಪ್ಪ ಎಂತಕೆ ಬರಲಿಲ್ಲ?"

"ಪ್ಯಾಂಟು ಬಿಗಿ ಆತಂತೆ."

ಸುಷ್ಮಾ ನಕ್ಕಳು. ಆಮೇಲೆ ತಾಯಿಯ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿದಳು. ಮುಂದಿನ ಎರಡು ಹಲ್ಲಿನ ಜಾಗ ಹಾಗೆಯೇ ಖಾಲಿಯಿತ್ತು.

"ಅಮ್ಮ, ಹಲ್ಲು ಕಟ್ಸಿಲ್ವಾ? ದುಡ್ಡು ಇಟ್ಟಿದ್ದೆ ಅಂದಿದ್ಯಲ್ಲ?"

"ಡಾಕ್ಟರು ರಜೆ ಮೇಲಿದ್ರು."

"ಟಿಕೆಟ್ಟಿಗೆ ಎಷ್ಟಾತು?"

ನರೇಶ ಕಿಟಕಿಯ ಕಡೆ ಮುಖ ಮಾಡಿದ. ತಿಮ್ಮಕ್ಕ ಮಗಳ ಹಣೆಯ ಮೇಲಿನ ಕೂದಲು ಸರಿಸಿ, ಇಡೀ ಬಾಯಿ ತೆರೆದು ನಕ್ಕಳು.

"ಒಂಬತ್ತು ಸಾವ್ರ. ಸೀಸನ್ ಅಲ್ದಾ ಮಗಾ, ಅಗ್ಗಕ್ಕೇ ಸಿಕ್ತು."